ಚಿಕ್ಕಪ್ಪನ ಕೋವಿಯನ್ನು ಸ್ವಲ್ಪ ದಿನ ದೂರ ಇಡಬೇಕು, ಹೇಗೆ ಕೇಳಲಿ?

ಕಾಫಿತೋಟದ ಹುಡುಗ (ಭಾನುವಾರ, ರಾತ್ರಿ 9:40)
ಇದನ್ನು ಇಲ್ಲಿ ಬರೆಯಲೋ ಬೇಡವೋ ಅಂತ ಮೂರು ದಿನ ಒದ್ದಾಡಿದೆ. ನಮ್ಮದು ದಕ್ಷಿಣ ಕೊಡಗು. ನಾನಿರುವುದು ಮೈಸೂರಿನಲ್ಲಿ. ಊರಿನಲ್ಲಿ ಚಿಕ್ಕಪ್ಪ ಒಬ್ಬರೇ. ಚಿಕ್ಕಮ್ಮ ಮಾರ್ಚ್‌ನಲ್ಲಿ ಹೋದರು. ಮಗಳು ಆಸ್ಟ್ರೇಲಿಯಾದಲ್ಲಿ.

ಚಿಕ್ಕಮ್ಮ ತೀರಿಕೊಂಡ ದಿನ ಊರಿಗೆ ಸುದ್ದಿ ತಿಳಿಸಲು ಎರಡು ಗುಂಡು ಹಾರಿಸಿದ್ದು ಮನೆಯ ಕೋವಿಯಿಂದಲೇ. ಅದು ಯಾವಾಗಲೂ ಒಳಕೋಣೆಯ ಮೂಲೆಯಲ್ಲಿ ಬಟ್ಟೆ ಸುತ್ತಿಕೊಂಡು ಇರುತ್ತಿತ್ತು. ಹೋದ ವಾರ ಹೋದಾಗ ನೋಡಿದರೆ ಅವರ ಮಂಚದ ಪಕ್ಕದಲ್ಲಿದೆ. "ಯಾಕೆ ಇಲ್ಲಿ?" ಅಂದೆ. "ಆನೆ ಬರುತ್ತೆ" ಅಂದರು. ಆನೆ ಬರುವುದೇನೋ ನಿಜ. ಆದರೆ ಅವರು ಊಟ ಸರಿಯಾಗಿ ಮಾಡುತ್ತಿಲ್ಲ. ಕರಿಮೆಣಸಿನ ಬಳ್ಳಿ ನೋಡಲೂ ತೋಟಕ್ಕೆ ಇಳಿಯುತ್ತಿಲ್ಲ. ಬ್ಯಾಂಕ್ ಪಾಸ್‌ಬುಕ್, ಜಮ್ಮಾ ಜಮೀನಿನ ಕಾಗದ ಎಲ್ಲಾ ಒಂದು ಚೀಲಕ್ಕೆ ಹಾಕಿ "ಇದು ನಿನ್ನ ಹತ್ರ ಇರಲಿ" ಅಂತ ನನ್ನ ಕೈಗೆ ಕೊಟ್ಟರು. ಬಸ್ಸಿನಲ್ಲಿ ಕೂತ ಮೇಲೆ ಎದೆ ಧಸಕ್ಕೆಂದಿತು.

ಇನ್ನು ಸ್ವಲ್ಪ ದಿನಕ್ಕೆ ಕೈಲ್‌ಪೊಳ್ದ್. ಕೋವಿ ತೊಳೆದು, ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುವ ಹಬ್ಬ. ಈಗ ಹೋಗಿ "ಕೋವಿ ಕೊಡಿ" ಅಂದರೆ ಅವಮಾನ ಅಂದುಕೊಳ್ಳುತ್ತಾರೆ. ಕೇಳದೇ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಯಾರಾದರೂ ಇಂಥದ್ದು ನಿಭಾಯಿಸಿದ್ದೀರಾ?

ಮಲೆನಾಡಿಗ (9:52)
ಮೊದಲು ಒಂದು ಮಾತು. ಬೆಳಿಗ್ಗೆವರೆಗೆ ಕಾಯಬೇಡಿ. ಪಕ್ಕದ ತೋಟದವರು ಯಾರಾದರೂ ಇದ್ದರೆ ಇವತ್ತೇ ಫೋನ್ ಮಾಡಿ, ರಾತ್ರಿ ಅಲ್ಲೇ ಮಲಗಲಿ. ಉಳಿದದ್ದು ಆಮೇಲೆ ಮಾತಾಡೋಣ.

ಕಾಫಿತೋಟದ ಹುಡುಗ (9:58)
ಮಾಡಿದೆ. ಚಿಕ್ಕಮ್ಮನ ತಮ್ಮ ಗೋಣಿಕೊಪ್ಪದಲ್ಲಿದ್ದಾರೆ. ಹೊರಟಿದ್ದಾರೆ. ಕೋವಿ ವಿಷಯವನ್ನೂ ಹೇಳಿದ್ದೇನೆ.

ತರ್ಕ ಬೇಕು (10:05)
ಬೇಜಾರು ಮಾಡ್ಕೋಬೇಡಿ. ಸಾಯಲೇಬೇಕು ಅಂತ ತೀರ್ಮಾನ ಮಾಡಿದವರನ್ನು ಯಾರೂ ತಡೆಯಲಾಗುವುದಿಲ್ಲ. ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕುತ್ತಾರೆ. ಕೋವಿ ತೆಗೆದಿಟ್ಟು ಏನು ಪ್ರಯೋಜನ?

ವಾರ್ಡ್ ಸಿಸ್ಟರ್ (10:21)
ತರ್ಕ ಅವರೇ, ಹೆಚ್ಚಿನವರು ಹೀಗೇ ನಂಬಿದ್ದಾರೆ. ನಾನೂ ನರ್ಸಿಂಗ್ ಸೇರುವವರೆಗೆ ನಂಬಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಮೇಲೆ 1937ರಿಂದ 1971ರವರೆಗೆ ತಡೆದು ವಾಪಸ್ ಕಳಿಸಿದ 515 ಜನರ ಕಥೆ ಮುಂದೆ ಏನಾಯಿತು ಅಂತ ರಿಚರ್ಡ್ ಸೈಡನ್ ಎನ್ನುವವರು ಹುಡುಕಿದರು. 1978ರಲ್ಲಿ ಅದು ಪ್ರಕಟವಾಯಿತು. ನೂರಕ್ಕೆ ಸುಮಾರು 94 ಮಂದಿ ಬದುಕಿದ್ದರು, ಇಲ್ಲವೇ ಸಹಜವಾಗಿ ತೀರಿಕೊಂಡಿದ್ದರು. "ಇನ್ನೊಂದು ದಾರಿ ಹುಡುಕಿಯೇ ಹುಡುಕುತ್ತಾರೆ" ಅನ್ನುವುದು ನಿಜವಾಗಿದ್ದರೆ ಆ ಲೆಕ್ಕ ಬರುತ್ತಿರಲಿಲ್ಲ.

ಆ ಕೆಟ್ಟ ಗಳಿಗೆ ಅಲೆಯ ಹಾಗೆ ಬರುತ್ತದೆ, ಇಳಿಯುತ್ತದೆ. ಕೆಲವರಿಗೆ ಹತ್ತು ನಿಮಿಷ, ಕೆಲವರಿಗೆ ಒಂದು ರಾತ್ರಿ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದೇ ದೊಡ್ಡದು. ಬೇರೆ ಎಷ್ಟೋ ಸಲ ಮನಸ್ಸು ಬದಲಾಯಿಸಲು, ಆಸ್ಪತ್ರೆಗೆ ಓಡಲು ಸಮಯ ಸಿಗುತ್ತದೆ. ಕೋವಿಯಲ್ಲಿ ಆ ಸಮಯ ಸಿಗುವುದು ತೀರಾ ಅಪರೂಪ. ನಮ್ಮ ವಾರ್ಡಿನಲ್ಲಿ ಕಣ್ಣು ಬಿಟ್ಟು "ಸಿಸ್ಟರ್, ನನ್ನ ಮಗು ಎಲ್ಲಿ?" ಅಂತ ಕೇಳಿದವರನ್ನು ಎಷ್ಟು ಜನ ನೋಡಿದ್ದೇನೆ! ಅವರೆಲ್ಲಾ ಹಿಂದಿನ ರಾತ್ರಿ "ತೀರ್ಮಾನ" ಮಾಡಿದವರೇ.

ತರ್ಕ ಬೇಕು (10:26)
ಸರಿ, ಆ ಸೇತುವೆ ಲೆಕ್ಕ ಗೊತ್ತಿರಲಿಲ್ಲ. ಆದರೆ ಕೊಡಗಿನಲ್ಲಿ ಮನೆಮನೆಯಲ್ಲೂ ಕೋವಿ ಇದೆ. ಅದೇ ಕಾರಣ ಅಂತಾದರೆ ಅಲ್ಲಿ ಯಾರೂ ಉಳಿಯಬಾರದಿತ್ತು ಅಲ್ವಾ?

ವಾರ್ಡ್ ಸಿಸ್ಟರ್ (10:29)
ಕೋವಿ ದುಃಖ ತರುತ್ತದೆ ಅಂತ ನಾನೆಲ್ಲಿ ಹೇಳಿದೆ? ದುಃಖ ಇರುವ ಮನೆಯಲ್ಲಿ ಅದು ಕೈಗೆಟುಕುವ ಹಾಗೆ ಇರಬಾರದು, ಅಷ್ಟೇ ಹೇಳಿದ್ದು.

ಅಪ್ಪಾರಂಡ ಅಲ್ಲ (10:40)
ಶುರುವಾಯಿತು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಿಂದ ಬಂದ ವಿನಾಯಿತಿ ನಮ್ಮದು. 1963ರ ಅಧಿಸೂಚನೆ ಇದೆ. 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿದಿದೆ. ಆದರೂ ಯಾರಾದರೂ ಒಬ್ಬರಿಗೆ ಮನಸ್ಸು ಸರಿ ಇಲ್ಲ ಅಂದ ಕೂಡಲೇ ಎಲ್ಲರೂ ಕೋವಿ ಮೇಲೆ ಬೀಳುತ್ತೀರಿ. ನಾಳೆ ಇದೇ ಪೋಸ್ಟ್ ತೋರಿಸಿ ಇನ್ನೊಬ್ಬ ಕೋರ್ಟಿಗೆ ಹೋಗುತ್ತಾನೆ.

ಮಲೆನಾಡಿಗ (10:47)
ಅಣ್ಣಾ, ಯಾರೂ ವಿನಾಯಿತಿ ಕೇಳಿಲ್ಲ, ಹಕ್ಕು ಕೇಳಿಲ್ಲ. ಒಂದು ಮನೆಯ ಒಂದು ಕೋವಿ, ಸ್ವಲ್ಪ ತಿಂಗಳಿಗೆ. ಓದಿ ಉತ್ತರ ಬರೀರಿ.

ಅಪ್ಪಾರಂಡ ಅಲ್ಲ (10:49)
ಓದಿದ್ದೇನೆ. ಗಾಬರಿ ನನಗೂ ಆಯಿತು. ಹಬ್ಬದ ಮುಂಚೆ ಕೋವಿ ಕೇಳಬೇಡಿ ಅಂತ ಮಾತ್ರ ನನ್ನ ಮಾತು. ಆ ವಯಸ್ಸಿನವರಿಗೆ ಅದು ದೇವರು.

ಸುಬೇದಾರ್ ರಿಟೈರ್ಡ್ (11:10)
ನಾನು 28 ವರ್ಷ ಫೌಜಿನಲ್ಲಿದ್ದವನು. ಕೋವಿ ದೇವರು ಅನ್ನುವವರಿಗೆ ಒಂದು ವಿಷಯ. ನಮ್ಮಲ್ಲಿ ರೈಫಲನ್ನು ಎಷ್ಟು ಪ್ರೀತಿಸಿದರೂ ಡ್ಯೂಟಿ ಮುಗಿದ ಮೇಲೆ ಅದು ಶಸ್ತ್ರಾಗಾರಕ್ಕೆ, ಅಂದರೆ ಕೋತ್‌ಗೆ ಹೋಗಲೇಬೇಕು. ನಂಬರ್ ಹೇಳಿ, ಸಹಿ ಹಾಕಿ, ಒಪ್ಪಿಸಿ ಬರಬೇಕು. ಯಾರಿಗೂ ಅವಮಾನ ಅನಿಸುವುದಿಲ್ಲ. ಎಲ್ಲರದ್ದೂ ಹೋಗುತ್ತದಲ್ಲ.

ನನ್ನ ಸೆಕ್ಷನ್ನಿನಲ್ಲಿ ಒಬ್ಬ ಹುಡುಗ ಇದ್ದ. ಬೆಳಗಾವಿ ಕಡೆಯವನು. ಮನೆಯಿಂದ ಫೋನ್ ಬಂದಾಗಲೆಲ್ಲಾ ಮುಖ ಬೇರೆಯಾಗುತ್ತಿತ್ತು. ಮೆಸ್‌ನಲ್ಲಿ ತಟ್ಟೆ ತುಂಬಾ ಹಾಕಿಸಿಕೊಂಡು ಹಾಗೇ ಎದ್ದು ಹೋಗುತ್ತಿದ್ದ. ಸಾಹೇಬರಿಗೆ ಹೇಳಿ ಅವನನ್ನು ಸಂತ್ರಿ (ಕಾವಲು) ಡ್ಯೂಟಿಯಿಂದ ತೆಗೆಸಿ ಅಡುಗೆಮನೆಗೆ, ಅಂದರೆ ಲಂಗರ್‌ಗೆ ಹಾಕಿಸಿದೆ. ಒಂದು ತಿಂಗಳು ನನ್ನ ಮೇಲೆ ಸಿಟ್ಟಾಗಿದ್ದ, ಮಾತೇ ಇಲ್ಲ. ಅವನ ಜೋಡಿ ಜವಾನ ರಾತ್ರಿ ಅವನ ಪಕ್ಕದಲ್ಲೇ ಮಲಗುತ್ತಿದ್ದ. ಆಮೇಲೆ ರಜೆ ಕೊಡಿಸಿದೆವು. ಈಗ ಅವನಿಗೆ ಇಬ್ಬರು ಮಕ್ಕಳು. ಹೊಸ ವರ್ಷಕ್ಕೆ ಫೋನ್ ಮಾಡಿ ಬೈಯ್ಯುತ್ತಾನೆ, "ಸಾಬ್, ನನ್ನ ಕೈಯಲ್ಲಿ ಐನೂರು ಜನಕ್ಕೆ ಚಪಾತಿ ಮಾಡಿಸಿದ್ರಿ" ಅಂತ.

ಇಸ್ರೇಲ್ ಸೇನೆಯೂ 2006ರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿತು. ವಾರದ ರಜೆಗೆ ಮನೆಗೆ ಹೋಗುವ ಹುಡುಗರು ಬಂದೂಕು ಕ್ಯಾಂಪಿನಲ್ಲೇ ಬಿಟ್ಟು ಹೋಗಬೇಕು ಅಂತ. ಅಲ್ಲಿಯ ಯುವ ಸೈನಿಕರ ಆತ್ಮಹತ್ಯೆ ನೂರಕ್ಕೆ 40ರಷ್ಟು ಇಳಿಯಿತು. ಭಾಷಣ ಇಲ್ಲ, ಏನಿಲ್ಲ. ಶನಿವಾರ ಕೋವಿ ಮನೆಯಲ್ಲಿ ಇರಲಿಲ್ಲ, ಅಷ್ಟೇ.

ಡಲ್ಲಾಸ್ ಕನ್ನಡತಿ (11:34)
ನಾನಿರುವ ಜಾಗದಲ್ಲಿ ಇದು ದಿನನಿತ್ಯದ ವಿಷಯ. ಅಮೆರಿಕದಲ್ಲಿ 2022ರಲ್ಲಿ ಸುಮಾರು 49 ಸಾವಿರ ಜನ ಆತ್ಮಹತ್ಯೆಯಿಂದ ಹೋದರು, ಅದರಲ್ಲಿ 27 ಸಾವಿರದಷ್ಟು ಬಂದೂಕಿನಿಂದ. ಟಿ.ವಿ.ಯಲ್ಲಿ ಬರುವುದು ಶಾಲೆಯ ಶೂಟಿಂಗ್. ಮನೆಯೊಳಗೆ ಆಗುವುದು ಇದು.

ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2009ರಲ್ಲಿ ಒಂದೇ ವಾರದೊಳಗೆ ಮೂರು ಜನ ಒಂದೇ ಗನ್ ಅಂಗಡಿಯಲ್ಲಿ ಕೊಂಡು, ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ಮೂವರಿಗೂ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ. ಆಮೇಲೆ ಅಲ್ಲಿ ಗನ್ ಅಂಗಡಿಯವರೂ ಆರೋಗ್ಯ ಇಲಾಖೆಯವರೂ ಒಟ್ಟಿಗೆ ಕೂತು ಮಾತಾಡಿದರು. ಗಿರಾಕಿಯ ಮುಖ ನೋಡಿ ಅನುಮಾನ ಬಂದರೆ ಮಾರಬೇಡಿ, ಎರಡು ದಿನ ಬಿಟ್ಟು ಬನ್ನಿ ಅನ್ನಿ. ಈ ಮಾತು ಶುರು ಮಾಡಿದ್ದರಲ್ಲಿ ಬಂದೂಕು ಪ್ರಿಯರೂ ಇದ್ದರು ಅನ್ನುವುದು ನನಗೆ ಹಿಡಿಸಿದ್ದು.

ನನ್ನ ಗೆಳತಿಯ ಗಂಡ, ನಮ್ಮ ಹಾಸನದವರು, 2020ರಲ್ಲಿ ಎಲ್ಲರೂ ಕೊಳ್ಳುತ್ತಿದ್ದಾರೆ ಅಂತ ಒಂದು ಗನ್ ತಂದರು. ಮರುವರ್ಷ ಕೆಲಸ ಹೋಯಿತು. ವೀಸಾ ಟೆನ್ಷನ್. ಒಂದು ರಾತ್ರಿ ಗೆಳತಿ ಫೋನ್ ಮಾಡಿ "ಅವರು ಗ್ಯಾರೇಜಿನಲ್ಲಿ ಕೂತಿದ್ದಾರೆ, ಕರೆದರೆ ಬರುತ್ತಿಲ್ಲ" ಅಂದಳು. ನನ್ನ ಗಂಡ ಹೋಗಿ ಅವರ ಪಕ್ಕ ಕೂತರು. ಎರಡು ಗಂಟೆ ಬರೀ ಕ್ರಿಕೆಟ್ ಮಾತು. ಆಮೇಲೆ ಕೇಳಿದರು, "ಗನ್ ಎಲ್ಲಿದೆ? ನಿನಗೆ ಸರಿಯಾಗುವವರೆಗೆ ಬೇರೆ ಕಡೆ ಇಡೋಣ್ವಾ?" ಅವರೇ ಎದ್ದು ಡಬ್ಬಿಯ ಕೀಲಿ ಕೊಟ್ಟರಂತೆ. ಆ ರಾತ್ರಿ ಇಲ್ಲಿಯ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡಲು ಆ ನಂಬರ್ ಇನ್ನೂ ಬಂದಿರಲಿಲ್ಲ. ಅದು ಶುರುವಾಗಿದ್ದು 2022ರ ಜುಲೈನಲ್ಲಿ.

ಹಾವೇರಿ ಮಂದಿ (ಸೋಮವಾರ, ಬೆಳಿಗ್ಗೆ 6:15)
ನೀವು ಕೋವಿ ಕೋವಿ ಅಂತೀರಿ. ನಮ್ಮ ಕಡೆ ಕೋವಿ ಯಾರ ಹತ್ರ ಐತ್ರೀ? ನಮ್ಮಲ್ಲಿ ಹೊಲಕ್ಕೆ ಹೊಡಿಯೋ ಎಣ್ಣಿ. ಬಾಗಿಲ ಸಂದ್ಯಾಗ, ಮಂಚದ ಕೆಳಗ, ದನದ ಕೊಟ್ಟಿಗ್ಯಾಗ. ಅದರ ಬಗ್ಗೆ ಯಾರೂ ಮಾತಾಡಂಗಿಲ್ಲ.

ವಾರ್ಡ್ ಸಿಸ್ಟರ್ (7:02)
ನೂರಕ್ಕೆ ನೂರು ನಿಜ. ದೇಶದಲ್ಲಿ 2022ರಲ್ಲಿ ದಾಖಲಾಗಿದ್ದು 1,70,924 ಆತ್ಮಹತ್ಯೆ. ಅದರಲ್ಲಿ ಬಂದೂಕಿನ ಪಾಲು ತೀರಾ ಸಣ್ಣದು. ಆದರೆ ಸೂತ್ರ ಒಂದೇ. ಶ್ರೀಲಂಕಾದಲ್ಲಿ 1995ರ ಹೊತ್ತಿಗೆ ಆತ್ಮಹತ್ಯೆ ವಿಪರೀತ ಇತ್ತು. ತುಂಬಾ ಅಪಾಯಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂದರು. ಮುಂದಿನ 20 ವರ್ಷದಲ್ಲಿ ಆತ್ಮಹತ್ಯೆ ನೂರಕ್ಕೆ 70ರಷ್ಟು ಇಳಿಯಿತು. ಬೆಳೆ ಇಳುವರಿಯೇನೂ ಬಿದ್ದುಹೋಗಲಿಲ್ಲ.

ಇನ್ನೊಂದು ಹೇಳಬೇಕು. ಅಲ್ಲೇ ಹಳ್ಳಿಗಳಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟೂ ನೋಡಿದರು, ಕೀಟನಾಶಕ ಅದರೊಳಗೆ ಇಡಿ ಅಂತ. 2017ರಲ್ಲಿ ಫಲಿತಾಂಶ ಬಂತು. ಉಪಯೋಗ ಕಾಣಲಿಲ್ಲ. ಬೀಗದ ಕೀಲಿ ಅದೇ ಮನೆಯ ಮೊಳೆಗೆ ನೇತಾಡುತ್ತಿದ್ದರೆ ಏನು ಬಂತು? ತಮಿಳುನಾಡಿನ ಕಡಲೂರು ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಊರಿಗೊಂದು ಗೋದಾಮು ಕಟ್ಟಿ ಲಾಕರ್ ಥರ ಮಾಡಿದ್ದರು. ಬೇಕಾದಾಗ ಅಲ್ಲಿಂದ ತಂದು ಹೊಡೆದು, ಮಿಕ್ಕಿದ್ದು ವಾಪಸ್ ಇಡಬೇಕು. ಆ ದಾರಿ ಸರಿ ಅನ್ನಿಸುತ್ತದೆ ನನಗೆ.

ಆದ್ದರಿಂದ ಹುಡುಗಾ, ಚಿಕ್ಕಪ್ಪನ ಮನೆ ಬೀರುವಿನಲ್ಲೇ ಕೋವಿ ಇಟ್ಟು ಬೀಗ ಹಾಕಿ ಬರುವುದು ಸಾಲದು. ಆ ಮನೆಯಿಂದಲೇ ಹೊರಗೆ ಹೋಗಬೇಕು. ಗುಂಡುಗಳು ಬೇರೆ ಮನೆಗೆ. ಅವರ ಮಾತ್ರೆ ಡಬ್ಬಿ, ತೋಟದ ಔಷಧಿ ಶೆಡ್ ಕೂಡ ಒಮ್ಮೆ ನೋಡಿ.

ಹಾವೇರಿ ಮಂದಿ (7:10)
ಆ ಗೋದಾಮಿನ ಮಾತು ನಮ್ಮ ಸೊಸೈಟಿಯಲ್ಲಿ ಎತ್ತುತ್ತೇನ್ರೀ ಸಿಸ್ಟರ್. ಯಾರೂ ಕೇಳಂಗಿಲ್ಲ, ಆದ್ರೂ.

ಮಲೆನಾಡಿಗ (8:30)
ಕೇಳುವ ದಾರಿ ಒಂದು ಹೊಳೆಯಿತು. ನಾವು ಅಡಿಕೆ ತೋಟದವರು. ಬೆಳೆ ರಕ್ಷಣೆಗೆ ಲೈಸೆನ್ಸ್ ಕೋವಿ ಇದೆ. 2023ರಲ್ಲಿ ವಿಧಾನಸಭೆ ಬಂತು, ಠಾಣೆಯಲ್ಲಿ ಇಟ್ಟು ಬಂದೆವು. 2024ರಲ್ಲಿ ಲೋಕಸಭೆ ಬಂತು, ಮತ್ತೆ ಇಟ್ಟು ಬಂದೆವು. ಗೊಣಗುತ್ತೇವೆ, ಮಂಗ ಬಂದು ಎಲ್ಲಾ ತಿಂತು ಅಂತ ಬೈಯ್ಯುತ್ತೇವೆ. ಆದರೆ ಸಾಲಿನಲ್ಲಿ ನಿಂತು ರಸೀದಿ ತೆಗೆದುಕೊಂಡು ಬರುತ್ತೇವೆ. ಆಗ ಯಾರ ಮರ್ಯಾದೆಯೂ ಹೋಗಿಲ್ಲ. ಚಿಕ್ಕಪ್ಪನಿಗೂ ಹಾಗೇ ಹೇಳಿ: "ಎಲೆಕ್ಷನ್ ಅಂದ್ಕೊಳ್ಳಿ. ಮುಗಿದ ಮೇಲೆ ವಾಪಸ್." ಕೊಟ್ಟ ಕೋವಿ ವಾಪಸ್ ಬರುತ್ತದೆ ಅನ್ನುವ ಭರವಸೆ ಮುಖ್ಯ.

ಅಪ್ಪಾರಂಡ ಅಲ್ಲ (8:41)
ಇದು ಒಳ್ಳೇ ಮಾತು. ನಿನ್ನೆ ಸ್ವಲ್ಪ ಜಾಸ್ತಿ ಕೂಗಾಡಿದೆ, ಬಿಡಿ.

ವಕೀಲರ ಮನೆ (9:15)
ಒಂದು ಎಚ್ಚರಿಕೆ. ಕೊಡಗಿನ ವಿನಾಯಿತಿ ಇರುವುದು ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ಕೋವಿಯನ್ನು ಮೈಸೂರಿಗೆ ನಿಮ್ಮ ಬಾಡಿಗೆ ಮನೆಗೆ ಒಯ್ಯುವ ಸಾಹಸ ಬೇಡ. ಜಿಲ್ಲೆಯೊಳಗೆ, ವಿನಾಯಿತಿ ಪತ್ರ ಇರುವ ಕುಟುಂಬದವರ ಹತ್ತಿರ ಇಡುವುದಾದರೂ ಒಮ್ಮೆ ಡಿ.ಸಿ. ಆಫೀಸಿನಲ್ಲೋ ಠಾಣೆಯಲ್ಲೋ ಕೇಳಿಕೊಳ್ಳಿ.

ಬೇರೆ ಜಿಲ್ಲೆಯವರಿಗೆ: ಲೈಸೆನ್ಸ್ ಇರುವವರ ಕೋವಿಯನ್ನು ಲೈಸೆನ್ಸ್ ಇಲ್ಲದ ಅಳಿಯ, ಭಾವಮೈದ, ಪಕ್ಕದ ಮನೆಯವರು "ಸುಮ್ನೆ ಇಟ್ಕೊಂಡಿದ್ದೆ" ಅಂದರೆ ಶಸ್ತ್ರಾಸ್ತ್ರ ಕಾಯ್ದೆಯಡಿ ತಪ್ಪೇ. ಪರವಾನಗಿ ಇರುವ ಗನ್ ಅಂಗಡಿಯವರು ಸೇಫ್ ಕಸ್ಟಡಿಗೆ ಇಟ್ಟುಕೊಳ್ಳುತ್ತಾರೆ. ವಿದೇಶಕ್ಕೆ ಹೋಗುವವರು ಹಾಗೇ ಮಾಡುವುದು. ಆದರೆ ಇವತ್ತು ರಾತ್ರಿಯೇ ಜೀವಕ್ಕೆ ಅಪಾಯ ಅನ್ನಿಸಿದರೆ ಈ ಕಾಯ್ದೆ ಪಾಠ ಮರೆತು 112ಕ್ಕೆ ಫೋನ್ ಮಾಡಿ.

ತರ್ಕ ಬೇಕು (9:22)
ಪೊಲೀಸರು ಬಂದರೆ ಅವರ ಮೇಲೇ ಕೇಸ್ ಹಾಕುತ್ತಾರಲ್ಲ? ಆತ್ಮಹತ್ಯೆ ಪ್ರಯತ್ನ ಅಪರಾಧ ತಾನೆ?

ವಕೀಲರ ಮನೆ (9:30)
ಹಳೇ ಭಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಓದಿ. ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರ್ಕಾರದ ಹೊಣೆ ಅಂತಿದೆ. ಈ ಭಯದಿಂದ ಆಸ್ಪತ್ರೆಗೆ ಹೋಗದೇ ಇರಬೇಡಿ.

ಕಾಫಿತೋಟದ ಹುಡುಗ (11:05)
ಎಲ್ಲರಿಗೂ ಥ್ಯಾಂಕ್ಸ್. ಮಾವ ರಾತ್ರಿ ಅಲ್ಲೇ ಇದ್ದರು. ಕೋವಿಯನ್ನು ತಮ್ಮ ಮಂಚದ ಕಡೆ ಇಟ್ಟುಕೊಂಡೇ ಮಲಗಿದರಂತೆ. ನಾನು ರಜೆ ಹಾಕಿ ಹೊರಟಿದ್ದೇನೆ. ಒಂದು ಪ್ರಶ್ನೆ. ಬಾಯಿ ಬಿಟ್ಟು "ಸಾಯುವ ಯೋಚನೆ ಬರುತ್ತಿದೆಯಾ" ಅಂತ ಕೇಳಬಹುದಾ? ಇಲ್ಲದ ಯೋಚನೆ ನಾನೇ ತಲೆಗೆ ಹಾಕಿದ ಹಾಗೆ ಆಗುವುದಿಲ್ಲವಾ?

ವಾರ್ಡ್ ಸಿಸ್ಟರ್ (11:20)
ಆಗುವುದಿಲ್ಲ. ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೊರಗೆ ಬರುತ್ತದೆ. ಸುತ್ತಿಬಳಸಿ "ನೀವು ಏನೂ ಮಾಡ್ಕೊಳ್ಳಲ್ಲ ತಾನೆ?" ಅಂತ ಮಾತ್ರ ಕೇಳಬೇಡಿ. ಅದಕ್ಕೆ ಯಾರಾದರೂ "ಇಲ್ಲಪ್ಪ" ಅಂತಲೇ ಅನ್ನುವುದು. ನೇರವಾಗಿ ಕೇಳಿ: "ಚಿಕ್ಕಪ್ಪ, ಜೀವ ಕಳ್ಕೊಳ್ಳಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದ ಮೇಲೆ ಸುಮ್ಮನೆ ಕೂತುಕೊಳ್ಳಿ. ಆ ಮೌನ ತುಂಬಲು ಹೋಗಬೇಡಿ. "ನಿಮಗೇನು ಕಡಿಮೆ", "ಮಗಳ ಬಗ್ಗೆ ಯೋಚಿಸಿ", "ದೇವರ ಮೇಲೆ ಭಾರ ಹಾಕಿ" ಯಾವುದೂ ಬೇಡ.

ಹೌದು ಅಂದರೆ ಒಬ್ಬರೇ ಇರಲು ಬಿಡಬೇಡಿ. ಅಲ್ಲೇ ಕೂತು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ. 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವರು ಮಾತಾಡಲು ಒಪ್ಪದಿದ್ದರೆ ನೀವೇ ಮಾತಾಡಿ, ಏನು ಮಾಡಬೇಕು ಅಂತ ನಿಮಗೆ ಹೇಳುತ್ತಾರೆ. ಆಮೇಲೆ ಮಡಿಕೇರಿಯ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಕೂಡ ಇದೆ, ಹೋಗುವ ಮುಂಚೆ ಫೋನ್ ಮಾಡಿ ವಿಚಾರಿಸಿ. ಈ ವಯಸ್ಸಿನಲ್ಲಿ ಹೆಂಡತಿ ಹೋದ ಮೇಲೆ ಬರುವ ಖಿನ್ನತೆಗೆ ಔಷಧಿ ಇದೆ, ವಾಸಿಯಾಗುತ್ತದೆ.

ಮೌನಿ (11:48)
ಇಲ್ಲಿ ಯಾವತ್ತೂ ಬರೆದವನಲ್ಲ. ನಾನು ಆ ಕಡೆಯಿಂದ ಬಂದವನು. ಆರು ವರ್ಷದ ಹಿಂದೆ ಅಕ್ಕ ಹೀಗೇ ಬಾಯಿ ಬಿಟ್ಟು ಕೇಳಿದಳು, ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೆ. ನನಗೆ ಮೊದಲು ಬಂದಿದ್ದು ಸಿಟ್ಟು. ಆಮೇಲೆ ಎಂಥದೋ ನಿರಾಳ. ಯಾರಿಗೋ ಗೊತ್ತಾಯಿತಲ್ಲ ಅಂತ. ಕೇಳಿ.

ಸುಬೇದಾರ್ ರಿಟೈರ್ಡ್ (11:55)
ಮೌನಿ, ಬರೆದದ್ದಕ್ಕೆ ಸಲಾಂ. ಈಗ ಹೇಗಿದ್ದೀಯಪ್ಪ?

ಮೌನಿ (12:01)
ಮಾತ್ರೆ ನಿಲ್ಲಿಸಿ ಎರಡು ವರ್ಷ ಆಯಿತು, ಡಾಕ್ಟರ್ ಹೇಳಿಯೇ. ಅಕ್ಕ ಈಗಲೂ ಪಾತ್ರೆ ತೊಳೆಯಲು ನನ್ನನ್ನೇ ಕರೆಯುತ್ತಾಳೆ.

ಕಾಫಿತೋಟದ ಹುಡುಗ (ಬುಧವಾರ, ಸಂಜೆ 7:20)
ಕೇಳಿದೆ. ಸೋಮವಾರ ಸಂಜೆ, ಅಂಗಳದಲ್ಲಿ. ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡಿದ್ದರು. ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ. ತುಂಬಾ ಹೊತ್ತು ಆದಮೇಲೆ "ರಾತ್ರಿ ಮಾತ್ರ" ಅಂದರು. ಅಷ್ಟೇ. ಬೆಳಗಿನ ಹೊತ್ತು ಪರವಾಗಿಲ್ಲ, ರಾತ್ರಿ ಮನೆ ದೊಡ್ಡದಾಗುತ್ತದೆ ಅಂತ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಸಿಸ್ಟರ್ ಹೇಳಿದ ಹಾಗೆ ಸುಮ್ಮನಿದ್ದೆ.

ಕೋವಿ ಅಂದ ಕೂಡಲೇ ಸಿಡಿದರು. "ನನ್ನ ಅಪ್ಪನ ಕೋವಿ ಠಾಣೆಯಲ್ಲಿ ಇಡಬೇಕಾ?" ಅಂತ. ಎಲೆಕ್ಷನ್ ಮಾತು ಹೇಳಿದೆ. ಒಪ್ಪಲಿಲ್ಲ. ಆ ರಾತ್ರಿ 14416ಕ್ಕೆ ನಾನೇ ಮಾಡಿದೆ. ಆ ಕಡೆಯ ಹೆಂಗಸು ಸಾವಕಾಶವಾಗಿ ಕೇಳಿಸಿಕೊಂಡರು. ಕೊನೆಗೆ ಚಿಕ್ಕಪ್ಪನೇ ಫೋನ್ ಇಸಿದುಕೊಂಡು ಒಳಗೆ ಹೋದರು. ಅರ್ಧ ಗಂಟೆ. ಏನು ಮಾತಾಡಿದರೋ ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಅವರೇ ಹೇಳಿದರು, ಹೇಗೂ ಹಬ್ಬಕ್ಕೆ ಐನ್‌ಮನೆಗೆ (ಕುಟುಂಬದವರೆಲ್ಲರ ಮೂಲ ಮನೆ) ಒಯ್ಯಬೇಕಲ್ಲ, ಈಗಲೇ ಒಯ್ಯಿ ಅಂತ. ನಾನೂ ಮಾವನೂ ಒಯ್ದೆವು. ಕುಟುಂಬದ ಹಿರಿಯರಾದ ಪಟ್ಟೆದಾರರ ಮನೆಯ ಕಬ್ಬಿಣದ ಬೀರುವಿನಲ್ಲಿದೆ. ಗುಂಡಿನ ಡಬ್ಬಿ ಮಾವನ ಹತ್ತಿರ. ಠಾಣೆಗೂ ಹೇಳಿ ಬಂದೆವು. ಪೂಜೆ ಅಲ್ಲೇ ಆಗುತ್ತದೆ, ಪೂಜೆ ಆದಮೇಲೆ ಬೀರುವಿಗೇ ವಾಪಸ್. ಶುಕ್ರವಾರ ಮಡಿಕೇರಿಯಲ್ಲಿ ಡಾಕ್ಟರ್.

ಅಪ್ಪಾರಂಡ ಅಲ್ಲ (7:31)
ಐನ್‌ಮನೆ! ಇದು ನನಗೆ ಯಾಕೆ ಹೊಳೆಯಲಿಲ್ಲ? ಅಲ್ಲಿ ಇಟ್ಟರೆ ಒಪ್ಪಿಸಿದ ಹಾಗೂ ಅಲ್ಲ, ಕಸಿದುಕೊಂಡ ಹಾಗೂ ಅಲ್ಲ.

ಡಲ್ಲಾಸ್ ಕನ್ನಡತಿ (7:44)
ರಾತ್ರಿ ಹೊತ್ತು ಯಾರಿರುತ್ತಾರೆ ಈಗ?

ಕಾಫಿತೋಟದ ಹುಡುಗ (7:50)
ಈ ವಾರ ನಾನು. ಆಮೇಲೆ ಮಾವನ ಮಗ, ವಿರಾಜಪೇಟೆಯಲ್ಲಿ ಕಾಲೇಜು, ಇಲ್ಲಿಂದಲೇ ಹೋಗಿ ಬರುತ್ತಾನೆ. ಆಸ್ಟ್ರೇಲಿಯಾದ ತಂಗಿ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಾಳೆ. ಅವಳಿಗೆ ಆಗ ನಡುರಾತ್ರಿ ದಾಟಿರುತ್ತದೆ, ಆದರೂ ಹಟ.

ತರ್ಕ ಬೇಕು (8:02)
ಮೊದಲ ದಿನ ಬರೆದದ್ದಕ್ಕೆ ಸಾರಿ. ನಮ್ಮ ಅಜ್ಜನ ವಿಷಯದಲ್ಲಿ ಎಲ್ಲರೂ "ಏನೂ ಮಾಡಲಾಗುತ್ತಿರಲಿಲ್ಲ" ಅಂತ ಹೇಳಿ ಹೇಳಿ, ನಾನೂ ಅದನ್ನೇ ಹಿಡಿದುಕೊಂಡಿದ್ದೆ ಅನ್ಸುತ್ತೆ.

ವಾರ್ಡ್ ಸಿಸ್ಟರ್ (8:06)
ತರ್ಕ, ಖಾಸಗಿಯಾಗಿ ಮೆಸೇಜ್ ಮಾಡಿ. ಮಾತಾಡೋಣ.

ಮಲೆನಾಡಿಗ (8:15)
ಆನೆ ಬಂದರೆ ಏನು ಮಾಡುತ್ತಾರೆ ಚಿಕ್ಕಪ್ಪ?

ಕಾಫಿತೋಟದ ಹುಡುಗ (8:24)
ಅದನ್ನೇ ಕೇಳಿದರು. "ಕೋವಿ ತಗೊಂಡು ಹೋದ್ರಿ, ಪಟಾಕಿನಾದ್ರೂ ತಂದು ಕೊಡ್ತೀರೋ ಇಲ್ವೋ?" ಅಂತ. ಅರಣ್ಯ ಇಲಾಖೆಯವರ ನಂಬರ್ ಬರೆದು ಗೋಡೆಗೆ ಅಂಟಿಸಿದ್ದೇನೆ. ಪಟಾಕಿ ಪೆಟ್ಟಿಗೆ ಮಾವನ ಮಗನ ಕೋಣೆಯಲ್ಲಿದೆ, ಅವನಿಗೆ ಆನೆ ಕಂಡರೆ ಚಿಕ್ಕಪ್ಪನಿಗಿಂತ ಹೆದರಿಕೆ.

ಹಾವೇರಿ ಮಂದಿ (8:40)
ಹಬ್ಬಕ್ಕ ಏನು ಮಾಡ್ತೀರಿ? ಕಡಂಬುಟ್ಟು ಅಂದ್ರ ಇಡ್ಲಿನೇ ಏನು?

ಅಪ್ಪಾರಂಡ ಅಲ್ಲ (8:41)
ಇಡ್ಲಿ!! ಅದು ಅಕ್ಕಿತರಿಯ ಉಂಡೆ. ಈ ಮನುಷ್ಯನನ್ನು ಯಾರಾದರೂ ಊಟಕ್ಕೆ ಕರೀರಪ್ಪ.